ಎಲೆ, ಮಣ್ಣು, ಕ್ಯಾನ್ವಾಸು: ಓದುಗರ ಪ್ರಶ್ನೆಗಳು

ಪ್ರಶ್ನೆ: ಮಿಶ್ರಮಾಧ್ಯಮದ ಚಿತ್ರಗಳಲ್ಲಿ ತೋಟದ ಎಲೆಗಳನ್ನು ಅಂಟಿಸುತ್ತೇನೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹಸಿರೂ ಕಂದಾಗುತ್ತದೆ. ಪರಿಹಾರವೇನು?

ಉತ್ತರ: ಬೂಷ್ಟಿಗೆ ಕಾರಣ ಎಲೆಯಲ್ಲಿ ಉಳಿದ ನೀರು. ಮೈದಾ ಅಂಟು ಬಳಸಿದ್ದರೆ ಅದೂ ಶಿಲೀಂಧ್ರಕ್ಕೆ ಊಟವೇ. ಹಳೇ ಪತ್ರಿಕೆಗಳ ನಡುವೆ ಭಾರವಿಟ್ಟು ಒತ್ತಿ, ಮೊದಲ ವಾರ ದಿನವೂ ಕಾಗದ ಬದಲಿಸಿ. ಬಗ್ಗಿಸಿದರೆ ಮುರಿಯುವಷ್ಟು ಒಣಗಬೇಕು. ಹಸಿರು ಮಾತ್ರ ಉಳಿಯದು. ಪತ್ರಹರಿತ್ತು ಬೆಳಕಿಗೆ ಒಡೆಯುತ್ತದೆ, ಯಾವ ವಾರ್ನಿಷೂ ಅದನ್ನು ಪೂರ್ತಿ ತಡೆಯದು. ಬಣ್ಣದ ಆಸೆ ಬಿಟ್ಟು ಆಕಾರವನ್ನು ನೆಚ್ಚಿಕೊಳ್ಳುವುದೇ ಜಾಣತನ.

ಅದಕ್ಕೆ ಅರಳಿ ಎಲೆಯ ನರಜಾಲ ಸೊಗಸು. ಬಲಿತ ಎಲೆಯನ್ನೇ ಆರಿಸಿ, ಎಳೆಯದು ಹರಿದುಹೋಗುತ್ತದೆ. 1 ಲೀಟರ್ ನೀರಿಗೆ 2 ದೊಡ್ಡ ಚಮಚ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ) ಹಾಕಿ, ಸಣ್ಣ ಉರಿಯಲ್ಲಿ 1–2 ಗಂಟೆ ಕುದಿಸಿ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಮ್ಮನ್ನು ಸೋಡಾ ತಿನ್ನುತ್ತದೆ. ಕೈಗವಸು ಮರೆಯಬೇಡಿ. ತಿರುಳು ಜಾರತೊಡಗಿದಾಗ ತೊಳೆದು, ತಟ್ಟೆಯ ಮೇಲೆ ಹರಡಿ, ಮೆದು ಬ್ರಷ್‌ನಿಂದ ತಟ್ಟಿ. ಉಜ್ಜಿದರೆ ನರಗಳು ಕಿತ್ತುಬರುತ್ತವೆ.

ಒಣಗಿದ ಮೇಲೆ ಅಕ್ರಿಲಿಕ್ ಮ್ಯಾಟ್ ಮೀಡಿಯಮ್ (ಒಣಗಿದಾಗ ಹೊಳಪಿಲ್ಲದೆ ಪಾರದರ್ಶಕವಾಗುವ, ಅಂಟಿನಂಥ ದ್ರವ) ಕೆಳಗೊಂದು, ಮೇಲೊಂದು ತೆಳು ಪದರ. ಎಣ್ಣೆಬಣ್ಣ ಬಳಿದ ಕ್ಯಾನ್ವಾಸಿಗೆ ಇದು ಸರಿಯಾಗಿ ಕಚ್ಚುವುದಿಲ್ಲ.

ಪ್ರಶ್ನೆ: ಕೆಮ್ಮಣ್ಣು ಹಚ್ಚಿದರೆ ಬಿರುಕು ಬಿಡುತ್ತದೆ, ಏಕೆ?

ಉತ್ತರ: ಜೇಡಿ ಒಣಗುವಾಗ ಕುಗ್ಗುತ್ತದೆ, ಪದರ ದಪ್ಪವಾದಷ್ಟೂ ಬಿರುಕು ಹೆಚ್ಚು. ಮಣ್ಣನ್ನು ನೀರಲ್ಲಿ ಕಲಸಿ, ಮರಳು ತಳ ಸೇರಿದೊಡನೆ ಮೇಲಿನ ಕೆಂಪು ನೀರನ್ನು ಬಸಿದು ಒಣಗಿಸಿ, ಪುಡಿಮಾಡಿ. ಸಮಪ್ರಮಾಣದ ಅಕ್ರಿಲಿಕ್ ಮೀಡಿಯಮ್ ಬೆರೆಸಿ ತೆಳುವಾಗಿ ಎರಡು ಮೂರು ಸಲ ಹಚ್ಚಿ. ಒಣಗಿದ ಮೇಲೂ ಬೆರಳಿಗೆ ಪುಡಿ ಹತ್ತಿದರೆ ಮೀಡಿಯಮ್ ಕಡಿಮೆಯಾಗಿದೆ.