ನಾಳೆ ಏನಾಗುತ್ತದೋ ಗೊತ್ತಿಲ್ಲದ ಕಾಲದಲ್ಲಿ ಒಂದು ಉದ್ದೇಶ ಇಟ್ಟುಕೊಂಡು ವ್ಯಾಪಾರ ನಡೆಸಲು ಆಗುತ್ತದೆಯೇ?

ಆಗುತ್ತದೆ. ನೀವು ಗಾಣದೆಣ್ಣೆ ಘಟಕ ನಡೆಸುತ್ತೀರಿ, ಶೇಂಗಾ ದರ ಒಂದು ಕಡೆ ನಿಲ್ಲುತ್ತಿಲ್ಲ, ಆರ್ಡರ್ ಕಮ್ಮಿಯಾಗಿದೆ. ಇಂಥ ಹೊತ್ತಲ್ಲಿ ಸುತ್ತಲಿನ ರೈತರಿಂದಲೇ ಕೊಳ್ಳುತ್ತೇನೆಂದು ಹಟ ಹಿಡಿದರೆ ಬಾಗಿಲು ಮುಚ್ಚಬೇಕಾದೀತೇ ಎಂಬುದು ನಿಮ್ಮ ಚಿಂತೆ. ನಾನು ಪುತ್ತೂರು ಕಡೆಯ ಅಡಿಕೆ ಬೆಳೆಗಾರ. ಮಾರುವವನ ಜಾಗದಲ್ಲಿ ನಿಂತು ಇದಕ್ಕೆ ಉತ್ತರ ಹೇಳುತ್ತೇನೆ.

ನಮ್ಮಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿ, ವ್ಯಾಪಾರಿ ಹೇಳಿದ್ದೇ ರೇಟು ಎನ್ನುವ ಸ್ಥಿತಿ ಇದ್ದ ಕಾಲದಲ್ಲಿ, 1973ರಲ್ಲಿ, ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ ಸಂಸ್ಥೆ ಅದು, ಕೇಂದ್ರ ಕಚೇರಿ ಮಂಗಳೂರಿನಲ್ಲಿ. ಇಷ್ಟು ನಿಮಗೂ ಗೊತ್ತಿದ್ದೀತು. ನಾನು ಹೇಳಬೇಕೆಂದಿರುವುದು ಚಾಕೊಲೇಟ್ ಮಾಡಲು ಬಳಸುವ ಕೊಕ್ಕೊ ವಿಷಯ.

ಅಡಿಕೆಗೆ ಒಂದು ಅನುಕೂಲವಿದೆ. ಒಣಗಿಸಿ ಚಾಲಿ (ಸಿಪ್ಪೆ ಸುಲಿದ ಒಣ ಅಡಿಕೆ) ಮಾಡಿ ಗೋಣಿಯಲ್ಲಿ ಕಟ್ಟಿಟ್ಟರೆ ವರ್ಷಗಟ್ಟಲೆ ಕಾಯಬಹುದು, ಹಳೆ ಅಡಿಕೆಗೆ ಸಾಮಾನ್ಯವಾಗಿ ಧಾರಣೆಯೂ ಹೆಚ್ಚು. ಕೊಕ್ಕೊಗೆ ಆ ಪುಣ್ಯವಿಲ್ಲ. ಕಾಯಿ ಒಡೆದರೆ ಒಳಗೆ ಬಿಳಿ ಲೋಳೆ ಮೆತ್ತಿಕೊಂಡ ಬೀಜ. ಬುಟ್ಟಿಗೆ ಸುರಿದ ಹೊತ್ತಿನಿಂದಲೇ ರಸ ಇಳಿಯಲು ಶುರು. ತಡಮಾಡದೆ ಹುದುಗಿಸಲು ಹಾಕಬೇಕು, ಆಮೇಲೆ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಮನೆಯಲ್ಲಿ ಒಣಗಿಸಹೊರಟರೆ ಬೂಸ್ಟು ಹಿಡಿಯುವುದೇ ಹೆಚ್ಚು. ಹಾಗಾಗಿ ಹೆಚ್ಚಿನವರು ಹಸಿ ಬೀಜವನ್ನೇ ಮಾರುತ್ತೇವೆ. ಕೊಳ್ಳುವವರು ಒಂದು ವಾರ ಬರಲಿಲ್ಲ ಎಂದರೆ ಆ ವಾರದ ಕೊಯ್ಲು ಗೊಬ್ಬರದ ಗುಂಡಿಗೆ.

1980ರ ಆಸುಪಾಸಿನಲ್ಲಿ ಆದದ್ದು ಅದೇ. ಬೆಳೆಯಿರಿ ಎಂದು ಹುರಿದುಂಬಿಸಿದ್ದ ಖರೀದಿದಾರರು ಹಿಂದೆ ಸರಿದರು. ಬೇಸತ್ತವರು ಗಿಡಗಳನ್ನೇ ಕಡಿದರು. ಕ್ಯಾಂಪ್ಕೋ ಕಟ್ಟಿದ್ದು ಅಡಿಕೆಗಾಗಿ, ಕೊಕ್ಕೊ ತನ್ನ ಕೆಲಸವಲ್ಲ ಎಂದು ಸುಮ್ಮನಿದ್ದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಕೊಕ್ಕೊ ಬೆಳೆಯುವುದು ಅಡಿಕೆ ಮರದ ನೆರಳಲ್ಲಿ; ತೋಟವೂ ಒಂದೇ, ಸದಸ್ಯನೂ ಒಬ್ಬನೇ. ಹಾಗಾಗಿ ಕ್ಯಾಂಪ್ಕೋದವರು ಖರೀದಿಗೆ ಇಳಿದರು. ಕೊಂಡ ಬೀಜವನ್ನು ಮತ್ತೆ ಅದೇ ಕೆಲವು ದೊಡ್ಡ ಖರೀದಿದಾರರ ಬಾಗಿಲಿಗೆ ಒಯ್ದು ಎಷ್ಟು ದಿನ ನಿಲ್ಲುವುದು? 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಕೃಷಿಕರ ಸಂಸ್ಥೆಯೊಂದು ಚಾಕೊಲೇಟ್ ಮಾಡುವುದು ಆಗ ಸಣ್ಣ ಧೈರ್ಯವಲ್ಲ. ಹೊರಗಿನ ದೊಡ್ಡ ಕಂಪನಿಗೂ ಅಲ್ಲಿ ಮಾಲು ತಯಾರಿಸಿ ಕೊಟ್ಟರು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ: ಯಂತ್ರ ಖಾಲಿ ಬಿದ್ದರೆ ಹಸಿ ಬೀಜ ಕೊಳ್ಳಲು ದುಡ್ಡು ಎಲ್ಲಿಂದ ಬರಬೇಕು?

ಖರೀದಿಗೂ ಕಾರ್ಖಾನೆಗೂ ನಡುವಿನ ಆ ವರ್ಷಗಳನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ಕೊಳ್ಳುತ್ತೇವೆ ಎಂದು ಮಾತು ಕೊಟ್ಟಾಗಿದೆ, ಮಾರುವ ದಾರಿ ಪೂರ್ತಿ ಕಂಡಿಲ್ಲ. ನಾಯಕತ್ವದ ಅಗತ್ಯ ಬೀಳುವುದು ಅಲ್ಲಿ.

ಕ್ಯಾಂಪ್ಕೋ ಯಾವತ್ತೂ ಎಲ್ಲರಿಗಿಂತ ಹೆಚ್ಚು ರೇಟು ಕೊಡುತ್ತದೆ ಎಂದೇನಲ್ಲ. ಪಕ್ಕದ ಅಂಗಡಿಯಲ್ಲಿ ಕಿಲೋಗೆ ಎರಡು ರೂಪಾಯಿ ಹೆಚ್ಚು ಸಿಗುವ ದಿನಗಳಿವೆ, ನಾವು ಅಲ್ಲಿಗೆ ಹಾಕುವುದೂ ಇದೆ. ಆದರೆ ಆ ಅಂಗಡಿಯವರು ರೇಟು ಹೇಳುವ ಮೊದಲು ಕ್ಯಾಂಪ್ಕೋ ಧಾರಣೆ ನೋಡಿಕೊಳ್ಳುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮಾರುಕಟ್ಟೆ ಸ್ತಬ್ಧವಾಗಿದ್ದಾಗ, ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿ ಏಪ್ರಿಲ್‌ನಲ್ಲೇ ಖರೀದಿ ಮತ್ತೆ ಶುರು ಮಾಡಿದರು. ಮನೆ ಖರ್ಚಿಗೆ, ಕೆಲಸದವರ ಸಂಬಳಕ್ಕೆ ಅಷ್ಟು ಬಹಳ ದೊಡ್ಡದಾಗಿತ್ತು. 2024ರ ಬೇಸಿಗೆಯಲ್ಲಿ ಹಸಿ ಕೊಕ್ಕೊ ಕಿಲೋಗೆ 300 ರೂಪಾಯಿ ದಾಟಿದಾಗ, ಗಿಡ ಉಳಿಸಿಕೊಂಡವರ ಕೈಗೆ ನಾಲ್ಕು ಕಾಸು ಬಂತು.

ನಿಮ್ಮ ಘಟಕ ಸಣ್ಣದು, ಕ್ಯಾಂಪ್ಕೋಗೆ ಹೋಲಿಸಲಾಗದು, ನಿಜ. ಆದರೂ ಲಾಕ್‌ಡೌನ್‌ನಲ್ಲಿ ಅವರು ಮಾಡಿದ್ದನ್ನು ನೀವೂ ಮಾಡಬಹುದು. ಶೇಂಗಾ ಕೀಳುವ ಮೊದಲೇ ನಿಮ್ಮ ರೈತರನ್ನು ಕೂರಿಸಿ, ಈ ಸಲ ಇಷ್ಟು ಚೀಲ ಖಂಡಿತ ಕೊಳ್ಳುತ್ತೇನೆ, ಉಳಿದದ್ದನ್ನು ನೀವು ಹೊರಗೆ ಮಾರಿಕೊಳ್ಳಿ ಎಂದು ಬಾಯಿಬಿಟ್ಟು ಹೇಳಿ. ಎಷ್ಟು ಚೀಲಕ್ಕೆ ಕೈಯಲ್ಲಿ ದುಡ್ಡಿದೆಯೋ ಅಷ್ಟೇ ಹೇಳಿ, ಹೇಳಿದ್ದಕ್ಕೆ ತೂಕ ಮಾಡಿದ ದಿನವೇ ಹಣ ಕೊಡಿ. ಹತ್ತು ಚೀಲ ಕೊಳ್ಳುತ್ತಾರೆಂದು ಗೊತ್ತಾದರೆ ರೈತ ಉಳಿದದ್ದಕ್ಕೆ ಬೇರೆ ದಾರಿ ನೋಡಿಕೊಳ್ಳುತ್ತಾನೆ. ಕೊಯ್ಲಾದ ಮೇಲೆ ಬೇಡ ಎಂದರೆ ಅವನಿಗೆ ದಾರಿಯೇ ಇರುವುದಿಲ್ಲ. ಎಣ್ಣೆ ಮಾರಾಟ ನಿಧಾನವಾದ ತಿಂಗಳಲ್ಲಿ ಊರವರ ಕಾಳಿಗೆ ಕೂಲಿ ತೆಗೆದುಕೊಂಡು ಎಣ್ಣೆ ತೆಗೆದುಕೊಟ್ಟರೆ ಗಾಣವೂ ಸುಮ್ಮನಿರುವುದಿಲ್ಲ, ಮುಂದಿನ ಖರೀದಿಗೆ ಒಂದಿಷ್ಟು ಹಣವೂ ಸೇರುತ್ತದೆ.