ಭಾಷಣ ತೆಗೆಯಿರಿ, ವಿಚಾರಣಾ ವರದಿ ತನ್ನಿ

ಪ್ರಿಯ ಬರಹಗಾರರೇ,

ಯಾದಗಿರಿ ಜಿಲ್ಲೆ ಸುರಪುರದ ಬಸ್ ಕಂಡಕ್ಟರನ ಕುರಿತ ನಿಮ್ಮ ಕಥೆ ಓದಿದೆವು. ಮೂವರಿಗೆ ಟಿಕೆಟ್ ಕೊಟ್ಟಿಲ್ಲವೆಂದು ತನಿಖಾ ತಂಡ ಹಿಡಿಯುತ್ತದೆ, ತಳ್ಳಾಟವಾಗುತ್ತದೆ, ಆತ ಜೈಲಿಗೂ ಹೋಗುತ್ತಾನೆ, ನೌಕರಿಯನ್ನೂ ಕಳಕೊಳ್ಳುತ್ತಾನೆ. ಕೊನೆಗೆ ಹೈಕೋರ್ಟಿನಲ್ಲಿ ವಕೀಲರು ಸಂವಿಧಾನದ 14, 21, 311ನೇ ವಿಧಿಗಳ ಬಗ್ಗೆ ಎರಡು ಪುಟ ಗುಡುಗುತ್ತಾರೆ, ನೌಕರಿ ಮರಳುತ್ತದೆ. ಹೀಗೇ ಪ್ರಕಟಿಸಲಾಗದು. ಟಿಕೆಟ್ ಯಂತ್ರ ಕಸಿದುಕೊಳ್ಳುವ ದೃಶ್ಯ ಗಟ್ಟಿಯಾಗಿದೆ. ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಕಥೆ ಸಡಿಲಾಗುತ್ತದೆ.

ಕಥೆ ನಡೆಯುವುದು 2019ರಲ್ಲಿ. ಪಿಎಸ್‌ಐ ಬಾಯಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಮು ಬರುತ್ತದೆ. ಅದು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಆಗ ಇದ್ದದ್ದು ಹಳೆಯ ದಂಡ ಸಂಹಿತೆ, ಐಪಿಸಿ 353: ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲೆ ಬಲಪ್ರಯೋಗ, ಗರಿಷ್ಠ ಎರಡು ವರ್ಷ ಶಿಕ್ಷೆ. ಅಂಥ ಪ್ರಕರಣದಲ್ಲಿ ಬಂಧಿಸದೆ ಠಾಣೆಗೆ ಕರೆಸುವ 41ಎ ನೋಟಿಸ್ ಕೊಡಬೇಕು, ಇಲ್ಲವೇ ಬಂಧಿಸಲು ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಶುಕ್ರವಾರ ರಾತ್ರಿ ಹಿಡಿದವನನ್ನು ನೀವು ಸೋಮವಾರ ಹಾಜರುಪಡಿಸಿದ್ದೀರಿ, ಭಾನುವಾರ ರಜೆ ಎಂದು. 22(2)ನೇ ವಿಧಿಗೆ ರಜೆಯಿಲ್ಲ: ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ, ಬೇಕಾದರೆ ಮ್ಯಾಜಿಸ್ಟ್ರೇಟರ ಮನೆಗಾದರೂ ಕರೆದೊಯ್ಯಬೇಕು. ಇದನ್ನು ದಾಟಲು ಠಾಣೆಯಲ್ಲಿ ಮಾಡುವ ಕಿತಾಪತಿಯೆಂದರೆ ಬಂಧನದ ಹೊತ್ತನ್ನೇ ಮುಂದೆ ಹಾಕಿ ಬರೆಯುವುದು. ಬಂಧನದ ಪತ್ರಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಸಹಿ ಹಾಕಬೇಕು. ಭಾವಮೈದುನನ ಕೈಗೆ ಆ ಹಾಳೆ ಕೊಡಿ, ಹೊತ್ತು ಬರೆಯದ ಜಾಗ ಖಾಲಿ ಇರಲಿ. (ಹಾಗೇ ನಿಮ್ಮ ಪೇದೆ "ಬನ್ನಿ ಸಾರ್" ಅನ್ನುವುದು ಬೇಡ, ಸುರಪುರದಲ್ಲಿ "ಬರ್ರಿ" ಅಂತಾರ.)

ಇನ್ನು ನೌಕರಿ. 311ನೇ ವಿಧಿ ಸರ್ಕಾರಿ ನೌಕರರಿಗೆ. ಸಾರಿಗೆ ನಿಗಮದ ಕಂಡಕ್ಟರನಿಗೆ ಅನ್ವಯಿಸದು. ಅವನು ಮೊದಲು ಹೋಗಬೇಕಾದ್ದು ಕಾರ್ಮಿಕ ನ್ಯಾಯಾಲಯಕ್ಕೆ. ಆಗಿನ ಕೈಗಾರಿಕಾ ವಿವಾದ ಕಾಯ್ದೆಗೆ ಕರ್ನಾಟಕ ಸೇರಿಸಿದ್ದ 10(4ಎ) ಕಲಮಿನ ಪ್ರಕಾರ, ವಜಾ ಆದೇಶ ತಲುಪಿದ ಆರು ತಿಂಗಳೊಳಗೆ ನೇರವಾಗಿ ಅರ್ಜಿ ಹಾಕಬಹುದಿತ್ತು. ನಿಮ್ಮ ವಕೀಲರ ಗೆಲುವಿನ ವಾದ "ಪ್ರಯಾಣಿಕರನ್ನು ವಿಚಾರಿಸಿಲ್ಲ" ಎಂಬುದು. ಹರಿಯಾಣದ ಒಬ್ಬ ಕಂಡಕ್ಟರನ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದೆ. ಇಲಾಖಾ ವಿಚಾರಣೆಗೆ ಆಗಿನ ಸಾಕ್ಷ್ಯ ಕಾಯ್ದೆಯ ಬಿಗಿ ಇರಲಿಲ್ಲ.

ಆದರೆ ಹನ್ನೊಂದನೇ ಪುಟದಲ್ಲಿ ಒಂದು ಸಾಲು ಬರೆದು ಮರೆತಿದ್ದೀರಿ: ಇಲಾಖಾ ವಿಚಾರಣಾ ವರದಿಯ ಪ್ರತಿ ಅವನಿಗೆ ಸಿಗಲೇ ಇಲ್ಲ. ಕಥೆಯ ಜೀವ ಅಲ್ಲಿದೆ. ಶಿಕ್ಷೆ ತೀರ್ಮಾನಿಸುವ ಮೊದಲು ವರದಿ ಕೊಡಬೇಕೆಂದು 1993ರ ಸಂವಿಧಾನ ಪೀಠದ ತೀರ್ಪಿದೆ. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ, ವರದಿ ಸಿಗದ್ದರಿಂದ ತನಗೆ ಏನು ಹಾನಿಯಾಯಿತೆಂದು ನೌಕರ ತೋರಿಸಬೇಕು. ನಿಮ್ಮ ಕಂಡಕ್ಟರ್ ಏನು ತೋರಿಸುತ್ತಾನೆ? ಅದನ್ನು ಬರೆಯಿರಿ. ವಿಚಾರಣೆಯೇ ನ್ಯಾಯಯುತವಲ್ಲವೆಂದು ಕಾರ್ಮಿಕ ನ್ಯಾಯಾಲಯ ಹೇಳಿದರೂ ಆಟ ಮುಗಿಯದು. ನಿಗಮ ತನ್ನ ಲಿಖಿತ ಹೇಳಿಕೆಯಲ್ಲೇ ಕೇಳಿಕೊಂಡಿದ್ದರೆ ಆರೋಪವನ್ನು ನ್ಯಾಯಾಲಯದಲ್ಲಿ ಹೊಸದಾಗಿ ಸಾಬೀತುಪಡಿಸಬಹುದು. 2001ರಲ್ಲಿ ಇದು ಇತ್ಯರ್ಥವಾದದ್ದು ಕರ್ನಾಟಕದ್ದೇ ಸಾರಿಗೆ ನಿಗಮದ ಪ್ರಕರಣದಲ್ಲಿ. ಆಗ ತನಿಖಾಧಿಕಾರಿ ಕಟಕಟೆ ಹತ್ತುತ್ತಾನೆ. ನಿಮ್ಮ ಎರಡು ಪುಟದ ಭಾಷಣದ ಜಾಗಕ್ಕೆ ಅವನ ಪಾಟೀಸವಾಲು ಬರಲಿ.

ಖುಲಾಸೆಯಾದ ಮರುದಿನ ಡಿಪೋಗೆ ಹಾರ ಹಾಕಿಕೊಂಡು ಹೋಗುವುದೂ ಆಗದು. ಖುಲಾಸೆಯಾದದ್ದು ತಳ್ಳಾಟದ ಕೇಸಿನಲ್ಲಿ, ವಜಾ ಆದದ್ದು ಟಿಕೆಟ್ಟಿಗೆ. ಎರಡೂ ಕಡೆ ಒಂದೇ ಆರೋಪ, ಒಂದೇ ಸಾಕ್ಷ್ಯ ಇದ್ದಾಗ ಮಾತ್ರ ಖುಲಾಸೆಗೆ ತೂಕ. 1999ರ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣ ನೋಡಿ. ಇನ್ನು, ಅವನು ಮೂರು ವರ್ಷ ಆಟೋ ಓಡಿಸಿದ್ದನ್ನು ಸೊಗಸಾಗಿ ಬರೆದಿದ್ದೀರಿ. ಬಾಕಿ ವೇತನ ಕೇಳುವಾಗ ಬೇರೆ ದುಡಿಮೆ ಇತ್ತಲ್ಲ ಎಂದು ನಿಗಮದ ವಕೀಲರು ಮೊದಲು ಹಿಡಿಯುವುದು ಆ ಆಟೋವನ್ನೇ.

ಯಾದಗಿರಿ ಜಿಲ್ಲೆಯಿಂದ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ ಧಾರವಾಡ ಪೀಠಕ್ಕೆ ಹೋಗುವುದಿಲ್ಲ. ಕಲಬುರಗಿ ಪೀಠ 2013ರಿಂದ ಕಾಯಂ ಆಗಿದೆ. ಹೈಕೋರ್ಟನ್ನು ಒಂದು ಪುಟಕ್ಕೆ ಇಳಿಸಿ, ಕಾರ್ಮಿಕ ನ್ಯಾಯಾಲಯವನ್ನು ನಾಲ್ಕಕ್ಕೆ ಏರಿಸಿ ಮತ್ತೆ ಕಳಿಸಿ.

— ಸಂಪಾದಕರು, ಕಲಬುರಗಿ