ಬಸ್ಸಿನಲ್ಲಿ ಶುಗರ್ ಲೋ ಆದರೆ ಏನು ಮಾಡಬೇಕು? ಮನೆ ಬಿಡುವ ಮೊದಲೇ ಮಾಡಿಟ್ಟುಕೊಳ್ಳಿ

ತಂಗಿ, ನೀವು ಕೇಳಿದ್ದು ಇದು: ಆಳಂದದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತೀರಿ. ಟೈಪ್ ಒನ್ ಡಯಾಬಿಟಿಸ್, ಅಂದರೆ ಶುಗರ್ ಇಳಿಸುವ ಇನ್ಸುಲಿನ್ ಮೈಯಲ್ಲೇ ತಯಾರಾಗದ ಸಕ್ಕರೆ ಕಾಯಿಲೆ, ಅಂತ ಗೊತ್ತಾಗಿ ಇನ್ನೂ ವರ್ಷ ತುಂಬಿಲ್ಲ. ದಾರಿಯಲ್ಲಿ ಶುಗರ್ ಒಮ್ಮೆಲೇ ಇಳಿದರೆ ಏನು ಮಾಡಬೇಕು? ಜನರ ಮುಂದೆ ತಿನ್ನಲು ನಾಚಿಕೆ ಆಗುತ್ತದೆ. ಪರೀಕ್ಷೆ ಹಾಲ್‌ನಲ್ಲಿ ಹಾಗಾದರೆ ಏನು ಗತಿ?

ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವಳು. ಕಲಬುರಗಿಯಲ್ಲೇ ಇದ್ದೀನಿ, ಕೆಲಸ ಮಾತ್ರ ಊರೂರು ತಿರುಗುವಂಥದ್ದು. ಡಾಕ್ಟರ್ ಅಲ್ಲ. ಡೋಸಿನ ಮಾತು ನಿಮ್ಮ ಡಾಕ್ಟರ್ ಹತ್ತಿರವೇ ಆಗಬೇಕು. ದಾರಿಯಲ್ಲಿ ಹೇಗೆ ನಿಭಾಯಿಸೋದು ಅನ್ನೋದನ್ನು ಮಾತ್ರ ಹೇಳ್ತೀನಿ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಮಿದುಳು ನಡೆಯೋದು ಗ್ಲೂಕೋಸ್ ಮೇಲೆ. ಲೋ ಆದಾಗ ಯೋಚನೆ ಮಾಡಬೇಕಾದ ತಲೆಗೇ ಸಕ್ಕರೆ ಸಿಕ್ಕಿರುವುದಿಲ್ಲ. ಆದ್ದರಿಂದ ಆ ಹೊತ್ತಿಗೆ ಯೋಚನೆ ಮಾಡುವಂಥದ್ದು ಏನೂ ಉಳಿದಿರಬಾರದು. ಎಲ್ಲಿಟ್ಟಿದ್ದೀನಿ, ಎಷ್ಟು ತಿನ್ನಬೇಕು, ಯಾರಿಗೆ ಹೇಳಬೇಕು ಅನ್ನೋದೆಲ್ಲ ಮನೆಯಲ್ಲಿ ಚೆನ್ನಾಗಿದ್ದಾಗಲೇ ತೀರ್ಮಾನ ಆಗಿರಬೇಕು.

ಶುಗರ್ 70ಕ್ಕಿಂತ ಕೆಳಗೆ ಬಂದರೆ ಲೋ. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ಡಯಾಬಿಟಿಸ್ ಇಲ್ಲದವರಿಗೆ ಶುಗರ್ ಇಳಿಯತೊಡಗಿದರೆ ಮೈ ತಾನೇ ಇನ್ಸುಲಿನ್ ಕಡಿಮೆ ಮಾಡುತ್ತದೆ, ಗ್ಲುಕಗಾನ್ ಅನ್ನೋ ಹಾರ್ಮೋನ್ ಬಿಡುಗಡೆ ಮಾಡಿ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಹೊರಗೆ ತರಿಸುತ್ತದೆ. ನಾವು ಚುಚ್ಚಿಕೊಂಡ ಇನ್ಸುಲಿನ್ ಹಿಂದಕ್ಕೆ ಬರೋದಿಲ್ಲ. ಕೆಲವು ವರ್ಷ ಕಳೆದ ಮೇಲೆ ಟೈಪ್ ಒನ್ ಇರುವವರಲ್ಲಿ ಆ ಗ್ಲುಕಗಾನ್ ಕೂಡ ಸರಿಯಾಗಿ ಏಳೋದಿಲ್ಲ. ಅದಕ್ಕೇ ಸಕ್ಕರೆ ಹೊರಗಿನಿಂದಲೇ ಬರಬೇಕು.

ಈಗ ಸಕ್ಕರೆ ಮಾತು. ಬೇಕಾಗಿರೋದು ಬೇಗ ರಕ್ತಕ್ಕೆ ಸೇರುವ 15 ಗ್ರಾಂ. ನಾನು ಗ್ಲೂಕೋಸ್ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, 15 ಗ್ರಾಮಿನ ಸಣ್ಣ ಪೊಟ್ಟಣ ಕಟ್ಟಿಟ್ಟುಕೊಳ್ಳುತ್ತೀನಿ. ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯವರು ತೂಗಿ ಕೊಡುತ್ತಾರೆ. ಮೂರು ಪೊಟ್ಟಣ ಯಾವಾಗಲೂ ಇರಲಿ. ಪೊಟ್ಟಣ ಯಾಕೆ ಅಂದರೆ, ಲೋ ಆದಾಗ ಹಸಿವು ಹುಚ್ಚಾಪಟ್ಟೆ. ಡಬ್ಬಿ ಕೈಗೆ ಸಿಕ್ಕರೆ ಡಬ್ಬಿಯೇ ಖಾಲಿ ಆಗುತ್ತದೆ, ಒಂದೆರಡು ತಾಸಿಗೆ ಶುಗರ್ 300 ದಾಟಿರುತ್ತದೆ. ಪೊಟ್ಟಣ ಇದ್ದರೆ ಅಳತೆ ಮೊದಲೇ ಆಗಿರುತ್ತದೆ. ಮೆಡಿಕಲ್‌ನಲ್ಲಿ ಗ್ಲೂಕೋಸ್ ಗುಳಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಒಂದೊಂದರಲ್ಲಿ ಸಾಮಾನ್ಯವಾಗಿ 4 ಗ್ರಾಂ ಇರುತ್ತದೆ, ನಾಲ್ಕು ತಿಂದರೆ ಸಾಕು. ಒಣ ಪುಡಿ ಹಾಗೇ ಬಾಯಿಗೆ ಸುರಿದುಕೊಂಡರೆ ಗಂಟಲಿಗೆ ಕೂತು ಕೆಮ್ಮು ಬರುತ್ತದೆ. ಪಕ್ಕದಲ್ಲಿ ನೀರಿನ ಬಾಟಲಿ ಇರಲೇಬೇಕು.

ಇದೆಲ್ಲ ಬ್ಯಾಗಿನಲ್ಲಿ ಬೇಡ, ಮೈ ಮೇಲೆ ಇರಲಿ. ಬಸ್ ತುಂಬಿದಾಗ ಬ್ಯಾಗನ್ನು ಕೂತವರ ಕೈಗೆ ಕೊಡುತ್ತೀವಿ, ಇಲ್ಲ ಮೇಲೆ ಇಡುತ್ತೀವಿ, ಅಲ್ವಾ? ಕೈ ನಡುಗುವಾಗ ಅಲ್ಲಿಂದ ಹುಡುಕಿ ತೆಗೆಯೋದು ಆಗದ ಮಾತು. ಚೂಡಿದಾರ ಹೊಲಿಸುವಾಗ ಟೇಲರ್‌ಗೆ ಬಲಗಡೆ ಕಿಸೆ ಇಡಲು ಹೇಳಿ. ನನ್ನ ಎಲ್ಲ ಕುರ್ತಾಗಳಿಗೂ ಒಂದೇ ಕಡೆ, ಒಂದೇ ಅಳತೆಯ ಕಿಸೆ ಇದೆ. ಯಾವ ಬಟ್ಟೆ ಹಾಕಿದರೂ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ.

ಪೊಟ್ಟಣ ಮುಗಿದು ಬಜಾರಿನಲ್ಲಿ ಸಿಕ್ಕಿಕೊಂಡರೆ ಕಬ್ಬಿನ ಹಾಲು ಅರ್ಧ ಗ್ಲಾಸ್ ಸಾಕು. ಸಕ್ಕರೆ ಹಾಕಿದ ಕೂಲ್‌ಡ್ರಿಂಕ್ ಆದರೆ ಸುಮಾರು 150 ಎಂಎಲ್. ಆದರೆ ಬಾಟಲಿ ಮೇಲೆ ಸಕ್ಕರೆ ಎಷ್ಟು ಅಂತ ಓದಿ, ಈಗ ಕೆಲವು ಪಾನೀಯಗಳಲ್ಲಿ ಸಕ್ಕರೆ ಕಡಿಮೆ ಮಾಡಿದ್ದಾರೆ. ಡಯೆಟ್ ಅಂತ ಬರೆದಿದ್ದರೆ ಅದರಿಂದ ಏನೂ ಆಗೋದಿಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಸಿಗುವ ಬೆತ್ತಾಸು, ಹೋಳಿ ಹೊತ್ತಿಗೆ ಬರುವ ಸಕ್ಕರೆ ಸರ, ಗುಡಿಯ ಕಲ್ಲುಸಕ್ಕರೆ ಎಲ್ಲ ಬರೀ ಸಕ್ಕರೆಯೇ, ಅವು ನಡೆಯುತ್ತವೆ. ಕಲ್ಲುಸಕ್ಕರೆಯನ್ನು ಚೀಪುತ್ತಾ ಕೂರಬೇಡಿ, ಕಡಿದು ನುಂಗಿ ನೀರು ಕುಡಿಯಿರಿ.

ನಡೆಯದೇ ಇರುವುದೂ ಗೊತ್ತಿರಲಿ. ಚಾಕೊಲೇಟ್, ಪೇಡಾ, ಶೇಂಗಾ ಹೋಳಿಗೆ, ಶೇಂಗಾ ಉಂಡಿ ಎಲ್ಲ ಸಿಹಿಯೇ. ಆದರೆ ಅದರೊಳಗಿನ ಎಣ್ಣೆ, ತುಪ್ಪದ ಜಿಡ್ಡು ಸಕ್ಕರೆಯನ್ನು ತಡವಾಗಿ ಬಿಡುತ್ತದೆ. ನಮಗೆ ಆ ಹೊತ್ತಿಗೆ ನಿಮಿಷದ ಲೆಕ್ಕ. ಬಹಳ ಜನ ಪ್ರೀತಿಯಿಂದ ಓಆರ್‌ಎಸ್ ಕೊಡುತ್ತಾರೆ. ಒಂದು ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪಾಕೀಟಿನಲ್ಲಿ ಗ್ಲೂಕೋಸ್ ಇರೋದೇ 13.5 ಗ್ರಾಂ. ಒಂದು ಗ್ಲಾಸಿನಲ್ಲಿ ಮೂರು ಗ್ರಾಂ ಕೂಡ ಬರೋದಿಲ್ಲ. ಅದು ಭೇದಿಗೆ ಮದ್ದು, ಲೋ ಶುಗರ್‌ಗಲ್ಲ.

ಪೊಟ್ಟಣ ತಿಂದ ಮೇಲೆ 15 ನಿಮಿಷ ಸುಮ್ನೆ ಕೂರಬೇಕು. ಬಹಳ ಕಷ್ಟದ ಕೆಲಸ ಇದೇ. ಮೈ ಇನ್ನೂ ಬೇಕು ಬೇಕು ಅನ್ನುತ್ತಿರುತ್ತದೆ. ಆಮೇಲೆ ಮತ್ತೆ ಚೆಕ್ ಮಾಡಿ, 70 ದಾಟಿಲ್ಲ ಅಂದರೆ ಇನ್ನೊಂದು ಪೊಟ್ಟಣ. ಶುಗರ್ ಮೇಲೆ ಬಂದ ನಂತರ ಮುಂದಿನ ಊಟಕ್ಕೆ ಇನ್ನೂ ತಾಸಿಗಿಂತ ಹೆಚ್ಚು ಇದ್ದರೆ ನಾಲ್ಕು ಬಿಸ್ಕತ್ತೋ, ಅರ್ಧ ರೊಟ್ಟಿಯೋ ತಿನ್ನಿ.

ಚೆಕ್ ಮಾಡುವಾಗ ಬೆರಳು ನೋಡಿಕೊಳ್ಳಿ. ಗ್ಲೂಕೋಸ್ ಪುಡಿ ಬಿಚ್ಚಿದ ಕೈಯಲ್ಲಿ ಪುಡಿ ಅಂಟಿರುತ್ತದೆ. ಅದೇ ಬೆರಳಿಗೆ ಚುಚ್ಚಿದರೆ ರಕ್ತದ ಹನಿಗೆ ಅದೂ ಸೇರಿ ಮೀಟರ್ ಸುಳ್ಳು ಲೆಕ್ಕ ತೋರಿಸುತ್ತದೆ. 58 ಇರುವುದು 180 ಅಂತ ಕಂಡರೆ ನೀವು ನಿರಾಳವಾಗಿ ಕೂತುಬಿಡುತ್ತೀರಿ. ಕಬ್ಬಿನ ಹಾಲು, ಬಾಳೆಹಣ್ಣು ಮುಟ್ಟಿದ ಕೈಗೂ ಇದೇ ಮಾತು. ನಾನು ಬಲಗೈಯಲ್ಲಿ ತಿನ್ನುತ್ತೀನಿ, ಎಡಗೈ ಬೆರಳನ್ನು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ ಚುಚ್ಚುತ್ತೀನಿ. ತಾನೇ ಶುಗರ್ ಅಳೆಯುತ್ತಾ ಇರುವ ಸೆನ್ಸರ್ ಕೈಗೆ ಹಾಕಿಕೊಂಡಿದ್ದರೆ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ನೀವು ತಿಂದ ಮೇಲೂ ಅದರ ಬಾಣ ಶುಗರ್ ಇಳಿಯುತ್ತಿದೆ ಅಂತ ಕೆಳಗೇ ತೋರಿಸುತ್ತಿದ್ದರೆ ಹೆದರಬೇಡಿ, ಬೆರಳಿನ ಲೆಕ್ಕ ನಂಬಿ.

ನಮ್ಮ ಕಡೆ ಬಿಸಿಲಿನದು ಬೇರೆಯೇ ಕಾಟ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿಯಲ್ಲಿ ನಿಂತ ಬಸ್ಸಿನೊಳಗೆ ಎಲ್ಲರಿಗೂ ಬೆವರು, ಎಲ್ಲರಿಗೂ ತಲೆ ಸುತ್ತು. ಅದು ಬಿಸಿಲಿನದೋ ಲೋದೋ ಗೊತ್ತಾಗೋದಿಲ್ಲ. ಮೈ ಬಿಸಿಯಾದಾಗ ಚುಚ್ಚಿದ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತದೆ ಅನ್ನೋದೂ ನಿಜ. ನನಗೆ ಬಿಸಿಲಿನ ಬೆವರಿಗೂ ಲೋ ಬೆವರಿಗೂ ಇರುವ ವ್ಯತ್ಯಾಸ ತುಟಿಯಲ್ಲಿ ತಿಳಿಯುತ್ತದೆ. ತುಟಿ ಜುಮ್ ಅನ್ನುತ್ತದೆ, ಎದೆ ಡವಡವ ಅನ್ನುತ್ತದೆ, ಸುಮ್ನೆ ಸಿಟ್ಟು ಬರುತ್ತದೆ. ನಿಮ್ಮ ಗುರುತು ಬೇರೆ ಇರಬಹುದು, ಗಮನಿಸಿ ಬರೆದಿಟ್ಟುಕೊಳ್ಳಿ. ಚೆಕ್ ಮಾಡಲು ಆಗುವ ಹಾಗಿಲ್ಲ ಅಂದರೆ ಲೋ ಅಂತಲೇ ತಿಳಿದು ತಿನ್ನಿ. ಒಂದು ಪೊಟ್ಟಣ ತಪ್ಪಿ ಜಾಸ್ತಿ ತಿಂದರೆ ಶುಗರ್ ಸ್ವಲ್ಪ ಏರುತ್ತದೆ, ಅಷ್ಟೇ. ತಿನ್ನದೇ ಬಿಟ್ಟರೆ ಪ್ರಜ್ಞೆ ಹೋಗಬಹುದು.

ನಾಚಿಕೆ ಬಗ್ಗೆ ಕೇಳಿದ್ದೀರಿ. ಹೋದ ಬೇಸಿಗೆಯಲ್ಲಿ ಜೇವರ್ಗಿ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಕೈಯಲ್ಲಿದ್ದ ಟಿಕೆಟ್ ಮೇಲಿನ ಅಂಕಿ ಓದುತ್ತಿದ್ದೀನಿ, ಮತ್ತೆ ಓದುತ್ತಿದ್ದೀನಿ, ಅಂಕಿ ಕಾಣುತ್ತದೆ, ಅರ್ಥ ಆಗುತ್ತಿಲ್ಲ. ಕಿಸೆಗೆ ಕೈ ಹಾಕಿದೆ. ಕಂಡಕ್ಟರ್ ನೋಡಿ, "ಅಕ್ಕಾರ, ಆರಾಮಿಲ್ಲೇನ್ರಿ?" ಅಂದರು. "ಶುಗರ್ ಲೋ ಆಗ್ಯಾದ ಅಣ್ಣಾ, ಕೂಡಬೇಕು" ಅಂದೆ. ಅಷ್ಟಕ್ಕೇ ಮುಂದಿನ ಸೀಟಿನ ಹುಡುಗ ಎದ್ದ. ಪಕ್ಕದ ಅಜ್ಜಿ ನಾನು ಪುಡಿ ಬಾಯಿಗೆ ಹಾಕಿಕೊಳ್ಳೋದು ನೋಡಿ ಕೈ ಹಿಡಿದರು. "ಸಕ್ಕರಿ ಬ್ಯಾನಿ ಇದ್ದೋರು ಸಕ್ಕರಿ ತಿಂತಾರೇನವ್ವಾ?" ಅಂತ. "ಇಳದಾಗ ತಿನ್ನಬೇಕ್ರಿ ಅಜ್ಜಿ, ಇಲ್ಲಾಂದ್ರ ಬೀಳ್ತೀನಿ" ಅಂದಾಗ ಕೈ ಬಿಟ್ಟು, ತಮ್ಮ ನೀರಿನ ಬಾಟಲಿ ಕೊಟ್ಟರು.

ಆ ಅಜ್ಜಿ ಕೇಳಿದ್ದು ಊರಲ್ಲಿ ಬಹಳ ಜನ ನಂಬಿರುವ ಮಾತೇ. ನಿಮಗೆ ಮಾತಾಡಲು ಆಗದ ಹೊತ್ತಿನಲ್ಲಿ ಯಾರಾದರೂ ಹಾಗೇ ಕೈ ಹಿಡಿದುಬಿಟ್ಟರೆ? ಅದಕ್ಕೇ ಮೊಬೈಲ್ ಕವರ್ ಹಿಂದೆ ಒಂದು ಚೀಟಿ ಇಡಿ. "ನನಗೆ ಟೈಪ್ ಒನ್ ಡಯಾಬಿಟಿಸ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ನಾನು ತಡವರಿಸುತ್ತಿದ್ದರೆ ಸಕ್ಕರೆ ನೀರು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ." ಕೆಳಗೆ ಮನೆಯವರ ನಂಬರ್. ಕಲಬುರಗಿಯಲ್ಲಿ ಉರ್ದು ಓದುವವರೂ ಬಹಳ ಜನ ಇದ್ದಾರೆ. ಗೆಳತಿ ಯಾರಾದರೂ ಇದ್ದರೆ ಹಿಂದುಗಡೆ ಉರ್ದುವಿನಲ್ಲೂ ಬರೆಸಿ.

ಗೆಳತಿಯರಿಗೆ ಹೇಳಿ, ತಂಗಿ. ಮುಂದೆ ಮದುವೆ ಮಾತು ಬರುತ್ತದೆ, ಯಾರಿಗೂ ಗೊತ್ತಾಗಬಾರದು ಅಂತ ಮನೆಯಲ್ಲಿ ಹೇಳಿರಬಹುದು. ನನ್ನ ಮನೆಯಲ್ಲೂ ಹೇಳಿದ್ದರು, ಅವರ ಭಯ ನನಗೆ ಅರ್ಥ ಆಗುತ್ತದೆ. ಆದರೆ ನಿಮ್ಮ ಜೊತೆ ದಿನಾ ಬಸ್ ಹತ್ತುವ ಒಬ್ಬಳಿಗೆ, ಕ್ಲಾಸಿನಲ್ಲಿ ಪಕ್ಕ ಕೂರುವ ಒಬ್ಬಳಿಗೆ ಗೊತ್ತಿರಲೇಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕಿಸೆ ಯಾವ ಕಡೆ ಇದೆ ಅಂತ ಅವರಿಗೆ ತೋರಿಸಿ. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಬೇಕು, ನೀರೂ ಹಾಕಬಾರದು, ಪುಡಿಯೂ ಹಾಕಬಾರದು, ಉಸಿರಿನ ದಾರಿಗೆ ಹೋಗಿ ಪ್ರಾಣಕ್ಕೇ ಕುತ್ತು ಅಂತ ತಿಳಿಸಿ ಹೇಳಿ. ಕೈಗೆ ಕೀಲಿ ಕೊಡೋದು, ಉಳ್ಳಾಗಡ್ಡಿ ಮೂಸಿಸೋದು ಮಾಡುತ್ತಾ ಹೊತ್ತು ಕಳೆಯಬಾರದು. ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಕೊಡುತ್ತಾರೆ, ಬೇಗ ಏಳುತ್ತೀರಿ. ಗ್ಲುಕಗಾನ್ ಇಂಜೆಕ್ಷನ್ ಅಂತಲೂ ಇದೆ, ಮನೆಯವರೇ ಕೊಡಬಹುದು. ಎಲ್ಲ ಮೆಡಿಕಲ್‌ಗಳಲ್ಲಿ ಸಿಗೋದಿಲ್ಲ. ನಿಮಗೆ ಬೇಕಾ ಅಂತ ಡಾಕ್ಟರ್‌ನ ಕೇಳಿ.

ಲೋ ಆಗದ ಹಾಗೆ ನೋಡಿಕೊಳ್ಳಲು ಗಡಿಯಾರದ ಮೇಲೆ ಕಣ್ಣಿಡಿ. ನಿಮ್ಮದು ‘ರೆಗ್ಯುಲರ್’ ಅನ್ನೋ ಬಗೆಯ ಇನ್ಸುಲಿನ್ ಆದರೆ ಅದರ ಜೋರು ಚುಚ್ಚಿದ ಎರಡರಿಂದ ನಾಲ್ಕು ತಾಸಿನ ನಡುವೆ. ಬೆಳಿಗ್ಗೆ 7ಕ್ಕೆ ಚುಚ್ಚಿಕೊಂಡರೆ 9ರಿಂದ 11. ಅಂದರೆ ನೀವು ಬಸ್ಸಿನಲ್ಲೋ, ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ನಡೆಯುವಾಗಲೋ ಇರುವ ಹೊತ್ತು. ನಡಿಗೆಯೂ ಶುಗರ್ ಇಳಿಸುತ್ತದೆ, ಎರಡೂ ಸೇರಿದರೆ ಬೇಗ ಬೀಳುತ್ತದೆ. ಬಸ್ ಹತ್ತುವ ಮೊದಲು ಒಂದು ಸಲ ಚೆಕ್ ಮಾಡಿ. ಗಾಡಿ ಓಡಿಸುವ ದಿನ ಬಂದರೆ ಇದನ್ನು ಬಿಡಲೇಬೇಡಿ. 90ಕ್ಕಿಂತ ಕೆಳಗಿದ್ದರೆ ತಿಂದ ಮೇಲೇ ಹೊರಡಿ. ದಾರಿಯಲ್ಲಿ ಲೋ ಆದರೆ ಗಾಡಿ ನಿಲ್ಲಿಸಿ ತಿನ್ನಿ, ಶುಗರ್ ಸರಿಹೋದ ಮೇಲೂ ಮುಕ್ಕಾಲು ತಾಸು ಕಾಯಿರಿ. ಅಂಕಿ ಮೇಲೆ ಬಂದರೂ ತಲೆ ತಿಳಿಯಾಗಲು ಅಷ್ಟು ಹೊತ್ತು ಬೇಕು.

ಮದುವೆ ಊಟದಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. "ಊಟ ತಯಾರದ, ಬರ್ರಿ" ಅಂತಾರೆ, ನಾವು ಇನ್ಸುಲಿನ್ ಚುಚ್ಚಿಕೊಂಡು ಹೋಗುತ್ತೀವಿ, ಪಂಕ್ತಿಯಲ್ಲಿ ಜಾಗ ಸಿಗೋಕೆ ಇನ್ನೂ ತಾಸು. ಎಲೆ ಮುಂದೆ ಬಂದು, ಬಡಿಸೋದು ಕಣ್ಣಿಗೆ ಕಂಡ ಮೇಲೇ ಚುಚ್ಚಿಕೊಳ್ಳಿ. ಜಾತ್ರೆಯಲ್ಲಿ ದಿನವಿಡೀ ತಿರುಗಿದ ರಾತ್ರಿ ಮಲಗುವ ಮುಂಚೆ ಚೆಕ್ ಮಾಡಿ. ಹಗಲಿನ ನಡಿಗೆಯ ಲೋ ನಡುರಾತ್ರಿ ಬರುವುದುಂಟು.

ವಾರದಲ್ಲಿ ಮತ್ತೆ ಮತ್ತೆ ಲೋ ಆಗುತ್ತಿದ್ದರೆ ಸಕ್ಕರೆ ತಿಂದು ಸುಮ್ಮನಾಗಬೇಡಿ. ಪದೇ ಪದೇ ಲೋ ಆದರೆ ಮೈ ನಡುಗುವುದು, ಬೆವರುವುದು ಎಲ್ಲ ಮಂಕಾಗುತ್ತಾ ಹೋಗಿ, ಕೊನೆಗೆ ಸೂಚನೆಯೇ ಕೊಡದೆ ಬೀಳಿಸುತ್ತದೆ. ತಾರೀಖು, ಹೊತ್ತು, ಅಂಕಿ, ಮೊದಲು ಏನು ತಿಂದಿದ್ದಿರಿ ಅಂತ ಬರೆದು ಡಾಕ್ಟರ್‌ಗೆ ತೋರಿಸಿ, ಡೋಸ್ ಬದಲಿಸುತ್ತಾರೆ. ಕೆಲವು ವಾರ ಲೋ ಆಗದ ಹಾಗೆ ನೋಡಿಕೊಂಡರೆ ಆ ಸೂಚನೆಗಳು ಬಹಳಷ್ಟು ಮಟ್ಟಿಗೆ ವಾಪಸ್ ಬರುತ್ತವೆ.

ಇನ್ನು ಪರೀಕ್ಷೆ. ಸಿಬಿಎಸ್‌ಇ 2017ರಲ್ಲೇ ಡಯಾಬಿಟಿಸ್ ಇರುವ ಮಕ್ಕಳು ಹಾಲ್‌ಗೆ ತಿನಿಸು ಒಯ್ಯಲು ಅನುಮತಿ ಕೊಟ್ಟಿದೆ. ನಿಮ್ಮ ಕಾಲೇಜಿನಲ್ಲಿ ಪರೀಕ್ಷೆ ದಿನ ಬಾಗಿಲಲ್ಲಿ ನಿಂತು ವಾದ ಮಾಡುವ ಹಾಗಾಗಬಾರದು. ಒಂದು ತಿಂಗಳು ಮೊದಲೇ ಡಾಕ್ಟರ್ ಹತ್ತಿರ ಪತ್ರ ಬರೆಸಿ. ಗ್ಲೂಕೋಸ್, ನೀರು, ಮೀಟರ್ ಮೂರೂ ಹಾಲ್ ಒಳಗೆ ಬೇಕು ಅಂತ ಅದರಲ್ಲಿ ಬಿಡಿಸಿ ಬರೆದಿರಲಿ. ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಒಂದು ಪ್ರತಿ ಆಫೀಸಿನಲ್ಲಿರಲಿ, ಇನ್ನೊಂದು ಹಾಲ್ ಟಿಕೆಟ್ ಜೊತೆಗೇ ಪಿನ್ ಮಾಡಿಡಿ. ಹಾಲ್ ಒಳಗೆ ತುಟಿ ಜುಮ್ ಅಂದರೆ ಪೆನ್ನು ಕೆಳಗಿಟ್ಟು ಮೊದಲು ಪೊಟ್ಟಣ ತಿನ್ನಿ, ಆಮೇಲೆ ಕೈ ಎತ್ತಿ ಹೇಳಿ.